ಮಾತಿನ ನೆರವು

ಮಾರ್ಚ್ 3, ಸೋಮವಾರ

‘ಮೂವತ್ತು ವರ್ಷದಲ್ಲಿ ಇಂಥ ಕೈ ನೋಡಿಲ್ಲ ಕಣಮ್ಮ’ ಎಂದರು ದೊಡ್ಡ ಡಾಕ್ಟ್ರು. ಯಾರಿಗೆ ಹೇಳಿದ್ದು? ನನಗೆ. ಯಾರ ಬಗ್ಗೆ? ಆ ಗುಬ್ಬಚ್ಚಿಯ ಬಗ್ಗೆ. ಅವರ ಕೈಕೆಳಗೆ ನಾನು ಎಂಡೋಸ್ಕೋಪಿ ಕಲಿತು ಇಪ್ಪತ್ತಮೂರು ವರ್ಷವಾಯಿತು. ಮೂವತ್ತರೊಳಗೆ ಇಪ್ಪತ್ತಮೂರು ಸೇರುತ್ತದೋ ಇಲ್ಲವೋ? ನನಗೂ ಕೂಡುವುದು ಕಳೆಯುವುದು ಬರುತ್ತದೆ.

ಗುಬ್ಬಚ್ಚಿ ಎಂದು ಹೆಸರಿಟ್ಟವರು ನಮ್ಮ ಸಿಸ್ಟರ್‌ಗಳು. ತರಬೇತಿಯ ಕೊನೆಯ ವರ್ಷದ ಡಾಕ್ಟರು, ಮೋಟು ಹೆಣ್ಣು. ರೋಗಿಯ ಮಂಚಕ್ಕೆ ಎತ್ತರ ಸಾಲದೆಂದು ಮನೆಯಿಂದ ಒಂದು ಕಾಲ್ಮಣೆ ತಂದಿಟ್ಟುಕೊಂಡಿದ್ದಾಳೆ. ಅದರ ಮೇಲೆ ಹತ್ತಿ ನಿಂತು ಇವತ್ತು ಕರುಳಿನ ತಿರುವಿನ ಹಿಂದೆ ಅಡಗಿದ್ದ ಒಂದು ಗಂಟನ್ನು ಸ್ಕೋಪಿನಿಂದ, ಆ ಕ್ಯಾಮೆರಾ ಕೊಳವೆಯಿಂದ, ಕೊಯ್ದು ತೆಗೆದಳು. ಹೌದಪ್ಪ, ಚೆನ್ನಾಗಿಯೇ ತೆಗೆದಳು. ಅದಕ್ಕೆ ನನ್ನನ್ನು ಕಾಫಿ ಬಿಡಿಸಿ ಕರೆಸಿ ತೋರಿಸಬೇಕಿತ್ತೇ?

ಗಾಯಕ್ಕೆ ಉಪ್ಪು ಸವರಿದ ಹಾಗೆ ಇನ್ನೊಂದು ಮಾತು ಹೇಳಿದರು. ‘ನನ್ನ ಕುತ್ತಿಗೆ ಇನ್ನು ಗಂಟೆಗಟ್ಟಲೆ ನಿಲ್ಲೋಕೆ ಒಪ್ಪಲ್ಲ. ಈ ಹುಡುಗಿ ಪರೀಕ್ಷೆ ಇನ್ಮೇಲೆ ನಿಂದು. ಮೂವತ್ತೊಂದಕ್ಕೆ ಸಮಿತಿ ಕೂರುತ್ತೆ. ಅಷ್ಟರಲ್ಲಿ ಮೂರು ಕೇಸಲ್ಲಿ ನಾಲ್ಕಕ್ಕೆ ನಾಲ್ಕು ಅಂಕ ಬಂದ್ರೆ ಒಂಟಿಯಾಗಿ ಕೆಲಸ ಮಾಡೋಕೆ ಪತ್ರ. ಬರ್ಲಿಲ್ಲ ಅಂದ್ರೆ ಇನ್ನಾರು ತಿಂಗಳು ಇಲ್ಲೇ.’

ಆ ಫಾರಂ ಬರೆದವಳೇ ನಾನು, ನನಗೆ ಹೇಳಿಕೊಡುತ್ತಾರೆ. ಒಂದು ಎಂದರೆ ಪರೀಕ್ಷಕರು ಸ್ಕೋಪ್ ಕಿತ್ತುಕೊಳ್ಳಬೇಕಾಯಿತು. ಎರಡು ಎಂದರೆ ಕೈ ಹಿಡಿದು ಮಾಡಿಸಬೇಕಾಯಿತು. ಮೂರು ಎಂದರೆ ಮಾತಿನ ನೆರವು ಬೇಕಾಯಿತು. ನಾಲ್ಕು ಎಂದರೆ ಪರೀಕ್ಷಕರು ಬಾಯಿ ಮುಚ್ಚಿಕೊಂಡು ನಿಂತಿದ್ದರು.

ಮಾರ್ಚ್ 5, ಬುಧವಾರ

ಮೊದಲ ಪರೀಕ್ಷೆ ಮುಗಿಯಿತು. ರೋಗಿ ಬಸ್ ಕಂಡಕ್ಟರ್, ಮಂಪರಿನ ಮದ್ದು ಕೊಟ್ಟಿದ್ದರು.

ಟಿವಿ ಪರದೆಯನ್ನು ನಾವು ಗಡಿಯಾರ ಎಂದುಕೊಳ್ಳುತ್ತೇವೆ. ಗಂಟು ಎಲ್ಲೇ ಕಾಣಲಿ, ಸ್ಕೋಪ್ ತಿರುಗಿಸಿ ಅದನ್ನು ಆರರ ಅಂಕಿಯ ಜಾಗಕ್ಕೆ ತಂದುಕೊಂಡರೆ ಉಪಕರಣ ನೇರ ಹೋಗಿ ಕೂರುತ್ತದೆ. ಇವತ್ತಿನದು ಹತ್ತರಲ್ಲಿತ್ತು. ಅವಳ ಮಣಿಕಟ್ಟು ತಿರುಗತೊಡಗಿದ್ದನ್ನು ಕಂಡೆ. ಕಂಡೂ ‘ಆರು ಗಂಟೆಗೆ ತಾ’ ಎಂದೆ.

‘ಆರು ಗಂಟೆ ಆಯ್ತಾ? ಅಯ್ಯೋ, ನನ್ನ ಡ್ಯೂಟಿ!’ ಎಂದು ಕಂಡಕ್ಟರ್ ಏಳಲು ಹೋದ. ಎಲ್ಲರೂ ನಕ್ಕರು, ಗುಬ್ಬಚ್ಚಿಯೂ ನಕ್ಕಳು. ಗಂಟು ಆರಕ್ಕೆ ಬಂತು.

ಫಾರಮಿನಲ್ಲಿ ಮೂರು ಎಂದು ಬರೆದೆ. ನಾನು ಸುಳ್ಳು ಬರೆದಿಲ್ಲ. ಹೇಳಿದ್ದು ಹೌದು, ಹೇಳಿದ ಮೇಲೆ ಅವಳು ಮಾಡಿದ್ದೂ ಹೌದು. ಬಾಯಿ ತಪ್ಪಿ ಬಂದ ಮಾತಿಗೆ ಯಾರೇನು ಮಾಡಲಾಗುತ್ತದೆ?

ಮಾರ್ಚ್ 6, ಗುರುವಾರ

ಎಡ ಹೆಬ್ಬೆರಳು ನೋವು. ಸ್ಕೋಪಿನ ಚಕ್ರ ತಿರುಗಿಸುವುದು ಅದೇ ಬೆರಳಲ್ಲವೇ. ಎ.ಸಿ. ಚಳಿಗೆ ಇರಬೇಕು.

ಮಾರ್ಚ್ 11, ಮಂಗಳವಾರ

ಇವತ್ತು ಬಾಯಿ ತಪ್ಪಲಿಲ್ಲ. ಇಲ್ಲಿ ಬರೆಯುವುದಕ್ಕೇನು, ಯಾರು ಓದುತ್ತಾರೆ.

ಅವಳು ಬರುವ ಮೊದಲೇ ಮಂಚವನ್ನು ನನ್ನ ಎತ್ತರಕ್ಕೆ ಏರಿಸಿಟ್ಟೆ. ಕಾಲ್ಮಣೆಯ ಮೇಲೂ ತುದಿಗಾಲಲ್ಲಿ ನಿಲ್ಲಬೇಕಾಯಿತು. ಆದರೂ ಕೈ ನಡುಗಲಿಲ್ಲ, ಹಾಳಾದ್ದು. ಅವಳು ಗಾಳಿ ಹೀರುವ ಮುಂಚೆ ‘ಗಾಳಿ ಹೀರು’ ಎಂದೆ. ಸೂಜಿ ಕೇಳುವ ಮುಂಚೆ ‘ಸೂಜಿ ಕೇಳು’ ಎಂದೆ. ಅವಳ ಕಣ್ಣು ಹೋದ ಕಡೆಗೆಲ್ಲ ನನ್ನ ನಾಲಿಗೆ ಒಂದು ಗೇಣು ಮುಂದೆ. ಮುಂದೇನು ಮಾಡುತ್ತಾಳೆಂದು ನನಗೆ ಅಷ್ಟು ಕರಾರುವಾಕ್ಕಾಗಿ ಗೊತ್ತಾಗುತ್ತಿತ್ತು. ಏಕೆಂದರೆ ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ವ್ಯತ್ಯಾಸ ಇಷ್ಟೇ, ನಾನು ಅಷ್ಟು ಬೇಗ ಮಾಡುತ್ತಿರಲಿಲ್ಲ.

ಮೂರು.

ಉಪಕರಣ ತೊಳೆಯುತ್ತ ಹಿರಿಯ ಸಿಸ್ಟರ್ ಗೋಡೆಗೆ ಹೇಳುವ ಹಾಗೆ ಹೇಳಿದರು: ‘ಅವ್ರು ನನ್ನ ಕಡೆ ಕೈ ಚಾಚಿ ಆಗಿತ್ತು ಮೇಡಂ, ನೀವು ಸೂಜಿ ಅನ್ನೋ ಹೊತ್ತಿಗೆ.’

‘ಚಾಚಿದ್ದು ಕಾಣಿಸ್ಲಿಲ್ಲ ಸಿಸ್ಟರ್’ ಎಂದೆ.

‘ಹೌದಾ. ಕನ್ನಡಕ ಬದಲಾಯಿಸ್ಬೇಕೇನೋ’ ಎಂದರು. ಯಾರ ಕನ್ನಡಕ ಎಂದು ಕೇಳಲು ನಾನು ಹೋಗಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತಿತ್ತು.

ಕೇಸುಗಳ ವಿಡಿಯೋ ಇರುತ್ತದೆ. ಧ್ವನಿ ಇರುವುದಿಲ್ಲ.

ಮಾರ್ಚ್ 12, ಬುಧವಾರ

ಗುಬ್ಬಚ್ಚಿ ಬಟ್ಟೆ ಬದಲಿಸುವ ಕೋಣೆಯಲ್ಲಿ ನನ್ನನ್ನು ಹಿಡಿದಳು. ‘ಮೇಡಂ, ಒಂದು ಮಾತು ಕೇಳ್ಲಾ? ನಾನು ನಿಧಾನ ಇದ್ದೀನಾ?’

‘ನಿಧಾನ ಅಂತಲ್ಲಮ್ಮ. ಹೇಳಿಸ್ಕೊಂಡು ಮಾಡ್ತೀಯ.’

‘ಸರಿ ಮೇಡಂ’ ಎಂದಳು. ಬೀರುವಿನ ಬಾಗಿಲ ಒಳಗಡೆ ಒಂದು ಮಗುವಿನ ಫೋಟೊ ಅಂಟಿಸಿಕೊಂಡಿದ್ದಾಳೆ. ಮೂರು ವರ್ಷದ ಮಗಳು, ಬೇರೆ ಊರಲ್ಲಿ ಗಂಡನ ಜೊತೆ. ಅಲ್ಲಿನ ಆಸ್ಪತ್ರೆಯಲ್ಲಿ ಇವಳಿಗಾಗಿ ಜಾಗ ಕಾದಿಟ್ಟಿದ್ದಾರಂತೆ, ಪತ್ರ ಸಿಕ್ಕಿದ ದಿನವೇ ಹೋಗಿ ಸೇರಬಹುದು. ಈಗ ಭಾನುವಾರಕ್ಕೊಮ್ಮೆ ಹೋಗಿ ಬರುತ್ತಾಳೆ. ಇನ್ನಾರು ತಿಂಗಳು ಎಂದರೆ ಇಪ್ಪತ್ತಾರು ಭಾನುವಾರ. ಯಾಕೆ ಎಣಿಸಿದೆನೋ, ಕೆಲಸವಿಲ್ಲದೆ.

ನನಗೂ ಆರು ತಿಂಗಳು ಹೆಚ್ಚು ಹಾಕಿದ್ದರು ಆ ಕಾಲದಲ್ಲಿ. ಸತ್ತುಹೋದೆನೇ?

ಮಾರ್ಚ್ 14, ಶುಕ್ರವಾರ

ಗುಬ್ಬಚ್ಚಿಗೆ ಕೊಕ್ಕು ಬಂದಿದೆ! ಇವತ್ತು ಮಾಡುವ ಮುಂಚೆ ತಾನೇ ಬಾಯಿಬಿಟ್ಟು ಹೇಳತೊಡಗಿದಳು. ‘ಆರು ಗಂಟೆಗೆ ತರ್ತೀನಿ.’ ‘ಈಗ ಚುಚ್ತೀನಿ.’ ನಾನು ಬಿಡುತ್ತೇನೆಯೇ? ಅವಳು ‘ಈಗ’ ಅನ್ನುವಷ್ಟರಲ್ಲಿ ‘ಚುಚ್ಚು’ ಎಂದೆ. ಅವಳು ‘ಸ್ನೇ’ ಅನ್ನುವಷ್ಟರಲ್ಲಿ ನಾನು ‘ಸ್ನೇರ್ ತಗೋ’ ಎಂದೆ. ಗಂಟಿನ ಕುತ್ತಿಗೆಗೆ ಹಾಕಿ ಬಿಗಿಯುವ ತಂತಿಯ ಕುಣಿಕೆ ಅದು. ಸಿಸ್ಟರ್ ಅದನ್ನು ಹಿಡಿದುಕೊಂಡು ಯಾರ ಮಾತು ಕೇಳುವುದೆಂದು ಇಬ್ಬರ ಮುಖ ನೋಡುತ್ತಿದ್ದರು. ಸಂತೆಯಲ್ಲಿ ಸವಾಲು ಕೂಗಿದ ಹಾಗೆ ನಡೆಯಿತು.

ಮಂಪರಿನಲ್ಲಿದ್ದ ಅಜ್ಜಿ, ‘ನೀವಿಬ್ರೂ ಅತ್ತೆ ಸೊಸೇನಾ? ಜಗಳ ಆಡ್ಬೇಡ್ರೇ, ನನ್ನ ಹೊಟ್ಟೆ ಬೇರೆ ತೆರೆದಿದೆ’ ಎಂದಿತು. ಹೊಟ್ಟೆ ತೆರೆದಿಲ್ಲಜ್ಜಿ ಎಂದು ಸಮಾಧಾನ ಮಾಡಿದ್ದೂ ಗುಬ್ಬಚ್ಚಿಯೇ.

ಮೂರು ಬರೆದೆ. ಸಹಿ ಹಾಕಿಸಿಕೊಳ್ಳಲು ಕೊಟ್ಟಾಗ ಅವಳು ಆ ಅಂಕಿಯನ್ನು ಬಹಳ ಹೊತ್ತು ನೋಡಿದಳು. ಸಹಿ ಹಾಕಿದಳು. ಥ್ಯಾಂಕ್ಸ್ ಮೇಡಂ ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ದೊಡ್ಡ ಡಾಕ್ಟ್ರು ಮೂರೂ ಫಾರಂ ನೋಡಿ ಹುಬ್ಬೇರಿಸಿದರು. ‘ಏನಮ್ಮ, ನನ್ನ ಮುಂದೆ ಹುಲಿ ಥರ ಮಾಡ್ತಾಳೆ, ನಿನ್ನ ಮುಂದೆ ಯಾಕೆ ಹೀಗೆ?’ ‘ಭಯ ಇರ್ಬೇಕು ಸರ್’ ಎಂದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ನಾನು ಕಣ್ಣು ಬಿಟ್ಟುಕೊಂಡೇ ಕುಡಿದೆ.

ಮಾರ್ಚ್ 18, ಮಂಗಳವಾರ

ಅಕ್ಕ.

ಎರಡು ತಿಂಗಳಿಂದ ರಕ್ತ ಹೋಗುತ್ತಿತ್ತಂತೆ. ನನಗೆ ಹೇಳಿರಲಿಲ್ಲ, ‘ನೀನು ಬೈತೀಯ’ ಅಂತ. ಶನಿವಾರ ಸ್ಕೋಪ್ ಹಾಕಿಸಿದೆ. ಮೂರು ಸೆಂಟಿಮೀಟರಿನ ಗಂಟು, ಚಪ್ಪಟೆ, ಕರುಳಿನ ಮಡಿಕೆಯ ಮೇಲೆ ಕವುಚಿ ಕೂತಿದೆ. ಪರೀಕ್ಷೆಗೆ ಕಳಿಸಿದ ತುಂಡಿನ ವರದಿ ಇವತ್ತು ಬಂತು, ಕ್ಯಾನ್ಸರ್ ಅಲ್ಲ. ಇನ್ನೂ ಅಲ್ಲ. ಬೇಗ ಪೂರ್ತಿ ತೆಗೆಯಬೇಕು.

ಒಡಹುಟ್ಟಿದವರಿಗೆ ನಾವು ಕೈ ಹಾಕುವಂತಿಲ್ಲ. ಪಾಳಿ ಪ್ರಕಾರ ಬರುವವನು ಗಡಿಬಿಡಿ ಡಾಕ್ಟರು. ಬಡಿಸಿ ಮುಗಿಯುವ ಮುಂಚೆಯೇ ಉಂಡು ಕೈ ತೊಳೆಯುವ ಜಾತಿ. ಹೋದ ವರ್ಷ ಇಬ್ಬರ ಕರುಳು ತೂತಾಗಿ ಆಪರೇಷನ್ನಿಗೆ ಹೋದರು. ದೊಡ್ಡ ಡಾಕ್ಟ್ರು ಸ್ಕೋಪ್ ಮುಟ್ಟಿ ವರ್ಷವಾಯಿತು.

ಅಕ್ಕ ನನ್ನ ಕೋಣೆಯಲ್ಲಿ ಕೂತು, ಕಾಲು ಅಲ್ಲಾಡಿಸುತ್ತ, ‘ಅಲ್ಲ ಕಣೇ, ಇದು ನಿನ್ನ ಕರುಳಲ್ಲೇ ಇದ್ದಿದ್ರೆ ಯಾರ ಕೈಗೆ ಕೊಡ್ತಿದ್ದೆ?’ ಎಂದಳು.

ಹೆಸರು ನಾಲಿಗೆಯ ತುದಿಗೆ ಬಂದುಬಿಟ್ಟಿತು. ನುಂಗಿಕೊಂಡೆ.

‘ಯಾಕೆ ಮುಖ ಹೀಗಾಯ್ತು? ಚಿಕ್ಕೋಳಿದ್ದಾಗ ನನ್ನ ರಿಬ್ಬನ್ ಕತ್ತರಿಸಿ ಮಂಚದ ಕೆಳಗೆ ಬಿಸಾಕಿದ್ಯಲ್ಲ, ಆವತ್ತು ಇದೇ ಮುಖ’ ಎಂದು ನಕ್ಕಳು. ಅಮ್ಮ ಹೋದ ಮೇಲೆ ಎರಡು ಜಡೆ ಹಾಕಿ ನನ್ನನ್ನು ಶಾಲೆಗೆ ಕಳಿಸಿದವಳು. ಅವಳಿಗೆ ಏನಾದರೂ ಆದರೆ ನಾನು ಉಳಿಯುವುದಿಲ್ಲ.

ಎರಡು ಸೆಂಟಿಮೀಟರಿಗಿಂತ ದೊಡ್ಡ ಗಂಟನ್ನು, ಒಂದಾದರೂ ‘ನಾಲ್ಕು’ ಇಲ್ಲದವರು ಮುಟ್ಟಬಾರದು. ಆ ನಿಯಮವೂ ನಾನೇ ಬರೆದದ್ದು.

ಮಾರ್ಚ್ 19, ಬುಧವಾರ

ಊರಾಚೆಯ ಇಬ್ಬರು ಡಾಕ್ಟರಿಗೆ ಫೋನ್ ಮಾಡಿದೆ. ಒಬ್ಬರು ರಜೆ. ಇನ್ನೊಬ್ಬರು ಎರಡು ತಿಂಗಳು ಬಿಟ್ಟು ಎಂದರು.

ಗಡಿಬಿಡಿ ಎದುರಿಗೆ ಸಿಕ್ಕು, ‘ನಿಮ್ಮಕ್ಕಂದು ಹದಿನೈದು ನಿಮಿಷದ ಕೆಲಸ, ಬಿಡಿ ಮೇಡಂ’ ಎಂದ.

ಮಾರ್ಚ್ 20, ಗುರುವಾರ

ಹೋದೆ. ದೊಡ್ಡ ಡಾಕ್ಟ್ರ ಕೋಣೆಯ ಬಾಗಿಲು ಹಾಕಿಕೊಂಡು ಹೇಳಿದೆ: ‘ಸರ್, ಆ ಮೂರೂ ಫಾರಂ ಸರಿ ಇಲ್ಲ. ಅವಳು ಮಾಡೋಕೆ ಶುರು ಮಾಡಿದ್ಮೇಲೆ ನಾನು ಹೇಳಿದ್ದು. ಅದು ನೆರವಲ್ಲ.’

ಅವರು ಕುತ್ತಿಗೆಯ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟರು. ಆಮೇಲೆ, ‘ಬೇಕೂಂತ ಮಾಡಿದ್ದಾ?’

‘ಮೊದಲನೇದು ಗೊತ್ತಿಲ್ಲ. ಇನ್ನೆರಡು ಬೇಕೂಂತಲೇ.’

‘ಯಾಕೆ?’

‘ಹೊಟ್ಟೆಕಿಚ್ಚು ಸರ್.’

‘ಮಗು ಬಿಟ್ಟು ಬಂದು ದುಡೀತಿರೋಳು ಅವಳು. ಆಗ ನಿಂಗೆ ಏನೂ ಅನ್ನಿಸ್ಲಿಲ್ಲ. ಈಗ ಅಕ್ಕನ ಕರುಳಿಗೆ ಬಂದ್ಮೇಲೆ ನೆನಪಾಯ್ತಾ?’

ಅಕ್ಕನಿಗೆ ಗಂಟು ಬರದಿದ್ದರೆ ನಾನು ಆ ಬಾಗಿಲು ತಟ್ಟುತ್ತಿರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು.

ಮೂರೂ ಫಾರಂ ಹರಿದರು. ಇನ್ನು ಮೇಲೆ ಪರೀಕ್ಷಕರ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಕುತ್ತಿಗೆ ಹೋದರೆ ಹೋಗಲಿ, ತಾವೇ ನಿಂತು ಮತ್ತೆ ಮೊದಲಿಂದ ನೋಡುತ್ತಾರಂತೆ. ‘ಅವಳಿಗೆ ನಾನು ಹೇಳಲ್ಲ. ನೀನೇ ಹೇಳು’ ಎಂದರು. ಮಾಡಿದ್ದುಣ್ಣೋ ಮಹರಾಯ.

ಮಾರ್ಚ್ 21, ಶುಕ್ರವಾರ

ಹೇಳಿದೆ. ಅದೇ ಬಟ್ಟೆ ಬದಲಿಸುವ ಕೋಣೆ.

‘ಗೊತ್ತಿತ್ತು ಮೇಡಂ’ ಎಂದಳು.

‘ಮತ್ತೆ ಯಾಕೆ ದೂರು ಕೊಡ್ಲಿಲ್ಲ?’

‘ಏನಂತ ಕೊಡ್ಲಿ? ಮೇಡಂ ತಪ್ಪು ಹೇಳಿಕೊಡ್ತಾರೆ ಅಂತ ಕೊಡಬಹುದಿತ್ತು. ನೀವು ಒಂದು ಸಲಾನೂ ತಪ್ಪು ಹೇಳ್ಲಿಲ್ಲ.’ ಕಣ್ಣು ತುಂಬಿತು, ಒರೆಸಿಕೊಂಡಳು. ‘ರೂಮಿಗೆ ಹೋಗಿ ಅಳ್ತಿದ್ದೆ. ಸುಳ್ಳು ಯಾಕೆ, ನಿಮ್ಮನ್ನ ಬೈತಿದ್ದೆ ಕೂಡ.’

‘ಏನಂತ?’

‘ಅದು ಈಗ ಬೇಡ ಮೇಡಂ. ಇನ್ನೂ ಪಾಸಾಗಿಲ್ಲ.’

ಕ್ಷಮಿಸು ಎಂದು ಅಂದೆನೋ ಇಲ್ಲವೋ, ಈಗ ನೆನಪಾಗುತ್ತಿಲ್ಲ. ಅಂದಿರಬೇಕು. ಅಕ್ಕನ ವಿಷಯ ಹೇಳಲು ಬಾಯಿ ಬರಲಿಲ್ಲ. ಅವಳೇ ಕೇಳಿದಳು: ‘ನಿಮ್ಮಕ್ಕನ ವಿಡಿಯೋ ನಾನು ನೋಡಬಹುದಾ?’

ಮಾರ್ಚ್ 25, ಮಂಗಳವಾರ

ನಿನ್ನೆ ಒಂದು, ಇವತ್ತು ಒಂದು. ಎರಡಕ್ಕೂ ನಾಲ್ಕು. ದೊಡ್ಡ ಡಾಕ್ಟ್ರು ಉಬ್ಬಿಹೋಗಿದ್ದಾರೆ, ತಾವೇ ಹೆತ್ತ ಹಾಗೆ. ನಾಳೆ ಅಕ್ಕನ ಕೇಸನ್ನೂ ಅವಳಿಗೇ ಕೊಟ್ಟಿದ್ದಾರೆ, ಅದು ಮೂರನೆಯದು. ಅದೂ ನಾಲ್ಕಾದರೆ ಗುಬ್ಬಚ್ಚಿ ಹಾರಿಹೋಯಿತು.

ಅಕ್ಕನಿಗೆ ಒಳ್ಳೆಯದಾಗಲಿ ಎಂದು ಬೇಡಿಕೊಳ್ಳುತ್ತಲೇ, ಇವಳಿಗೆ ಎಲ್ಲ ಇಷ್ಟು ಸಲೀಸಾಗಿ ಆಗುತ್ತದಲ್ಲ ಎಂದು ಹೊಟ್ಟೆ ಉರಿಯುತ್ತದೆ. ಎರಡೂ ಒಂದೇ ಹೊಟ್ಟೆಯಲ್ಲಿ ಹೇಗಿರುತ್ತವೋ.

ಮಾರ್ಚ್ 26, ಬುಧವಾರ

ಬರೆದುಬಿಡುತ್ತೇನೆ.

ನನ್ನನ್ನು ಒಳಗೆ ಬಿಟ್ಟರು. ಗುಬ್ಬಚ್ಚಿಯೇ ಕೇಳಿದಳಂತೆ, ಮೇಡಂ ಇರಲಿ ಎಂದು. ದೊಡ್ಡ ಡಾಕ್ಟ್ರು ಮೂಲೆ ತೋರಿಸಿ, ‘ಅಲ್ಲಿ ನಿಂತ್ಕೋ. ಬಾಯಿಗೆ ಬೀಗ’ ಎಂದರು. ಬೇಗ ಹೋಗಿದ್ದೆನಾದ್ದರಿಂದ ಕಾಲ್ಮಣೆಯನ್ನು ಮಂಚದ ಪಕ್ಕಕ್ಕೆ ಸರಿಸಿ ಇಟ್ಟಿದ್ದೆ. ದಾರಿಗೆ ಅಡ್ಡವಿತ್ತು.

ಗಂಟಿನ ಅಡಿಗೆ ನೀಲಿ ದ್ರವ ಚುಚ್ಚಿ ಅದನ್ನು ಎಬ್ಬಿಸಬೇಕು. ಎದ್ದು ನಿಂತರೆ ಕೊಯ್ಯಬಹುದು. ಏಳದೆ ಕೊಯ್ದರೆ ಕರುಳಿಗೇ ತೂತು. ಅರ್ಧ ಗಂಟು ಚೆನ್ನಾಗಿ ಎದ್ದಿತು. ಮಡಿಕೆಯ ಆಚೆಗಿನ ಅರ್ಧ ಏಳಲಿಲ್ಲ. ನನಗೆ ಕಂಡಿತು. ಹೇಳಬಾರದು. ಕುಣಿಕೆ ಇಳಿಯಿತು, ಗಂಟಿನ ಸುತ್ತ ಕೂತಿತು. ಮಾಸ್ಕಿನೊಳಗೆ ನಾಲಿಗೆ ಕಚ್ಚಿ ಹಿಡಿದೆ, ಉಪ್ಪುಪ್ಪಾಯಿತು. ನೆರವೇ ಅಲ್ಲದ ಮಾತನ್ನು ಎಷ್ಟು ಆಡಿದ್ದೆ! ಈಗ ನಿಜವಾದ ಮಾತು ಗಂಟಲಲ್ಲೇ ಇದೆ.

‘ಬಿಗೀಲಾ?’ ಎಂದರು ಸಿಸ್ಟರ್, ಕುಣಿಕೆಯ ಹಿಡಿ ಹಿಡಿದು.

‘ತಡೀರಿ’ ಎಂದಳು ಗುಬ್ಬಚ್ಚಿ. ಪರದೆಯಿಂದ ಕಣ್ಣು ತೆಗೆದು ನೇರ ಮೂಲೆಗೆ ತಿರುಗಿದಳು. ‘ಮೇಡಂ, ಇಲ್ಲಿ ನೀವಾಗಿದ್ರೆ ಏನು ಮಾಡ್ತಿದ್ರಿ?’

ದೊಡ್ಡ ಡಾಕ್ಟ್ರು ಮೆಲ್ಲಗೆ, ‘ಕೇಳಿದ್ರೆ ಮೂರು ಬೀಳುತ್ತಮ್ಮ. ಗೊತ್ತು ತಾನೆ?’

‘ಗೊತ್ತು ಸರ್.’

ಮೂಲೆಯಿಂದಲೇ ಹೇಳಿದೆ: ‘ಸ್ನೇರ್ ಬಿಡು. ಗಂಟು ದಾಟಿ ಆಚೆ ಹೋಗು. ಆ ಕಡೆಯಿಂದ ಚುಚ್ಚು, ಅದು ನಿನ್ನ ಕಡೆಗೆ ವಾಲುತ್ತೆ.’

ಬಿಟ್ಟಳು. ಹೋದಳು. ಚುಚ್ಚಿದಳು. ಆಚೆಯ ಅರ್ಧ ನೀಲಿಯಾಗಿ ಉಬ್ಬಿ ಎದ್ದು ಅವಳ ಕಡೆಗೆ ವಾಲಿತು. ಆಮೇಲೆ ಅವಳ ಕೈ ಮಾಡಿದ್ದನ್ನು ನಾನು ಬರೆಯಲಾರೆ. ಇಪ್ಪತ್ತಮೂರು ವರ್ಷದಲ್ಲಿ ಇಂಥ ಕೈ ನಾನೂ ನೋಡಿಲ್ಲ. ಒಂದು ಹನಿ ರಕ್ತ ಬಂತು, ಒಂದು ಕ್ಲಿಪ್ ಹಾಕಿದಳು, ನಿಂತಿತು. ಮೂವತ್ತೆಂಟು ನಿಮಿಷ. ತೂತಿಲ್ಲ.

ದೊಡ್ಡ ಡಾಕ್ಟ್ರು ಫಾರಂ ತುಂಬಿದರು. ಮೂರು. ‘ತಾನಾಗಿ ಕೇಳಿ ಪಡೆದದ್ದು’ ಎಂದು ಅಂಚಿನಲ್ಲಿ ಬರೆದರು. ಅದಕ್ಕೆ ಫಾರಮಿನಲ್ಲಿ ಜಾಗವೇ ಇಲ್ಲ. ಕೇಳುವವರೂ ಇರುತ್ತಾರೆ ಎಂದು ಆ ಫಾರಂ ಬರೆಯುವಾಗ ನನಗೆ ಹೊಳೆದೇ ಇರಲಿಲ್ಲ.

‘ಮಗಳು ಕಾಯ್ತಿದ್ದಾಳೆ. ಒಂದು ನಾಲ್ಕು ಹಾಳು ಮಾಡ್ಕೊಂಡ್ಯಲ್ಲೇ’ ಎಂದೆ, ಕೈ ತೊಳೆಯುವಲ್ಲಿ.

‘ಇದು ನಿಜವಾದ ಮೂರು ಮೇಡಂ. ಬೇಜಾರಿಲ್ಲ’ ಎಂದಳು. ‘ಶುಕ್ರವಾರ ಇನ್ನೊಂದು ಕೇಸಿದೆ.’

ಎಷ್ಟು ಸುಲಭವಾಗಿ ಕೇಳಿಬಿಟ್ಟಳು! ಇದಕ್ಕೇ ನನಗೆ ಹೆಚ್ಚು ಹೊಟ್ಟೆ ಉರಿದದ್ದು, ಕೈಗಿಂತ. ಇಪ್ಪತ್ತಮೂರು ವರ್ಷದಲ್ಲಿ ನಾನು ಸ್ಕೋಪ್ ಹಿಡಿದು ಒಬ್ಬರನ್ನೂ ಹಾಗೆ ಕೇಳಿಲ್ಲ.

ಅಕ್ಕ ಎಚ್ಚರಾಗಿ, ‘ನಿನ್ನ ದನಿ ಕೇಳಿಸ್ತು ಕಣೇ. ನೀನೇ ಮಾಡಿದ್ಯಾ?’ ಎಂದಳು.

‘ಇಲ್ಲ. ಆ ಹುಡುಗಿ.’

‘ಮತ್ತೆ ನೀನೇನು ಮಾಡ್ತಿದ್ದೆ?’

‘ಕೇಳಿದ್ಲು, ಹೇಳ್ದೆ.’

‘ಅಬ್ಬಾ, ಕೇಳೋತನಕ ಸುಮ್ನಿದ್ಯಾ ನೀನು?’ ಎಂದು ಮತ್ತೆ ನಿದ್ದೆ ಹೋದಳು.

ಮಾರ್ಚ್ 28, ಶುಕ್ರವಾರ

ಗುಬ್ಬಚ್ಚಿಗೆ ಮೂರನೆಯ ನಾಲ್ಕು ಬಂತಂತೆ. ನಾನು ನೋಡಲಿಲ್ಲ, ಪಕ್ಕದ ಕೋಣೆಯಲ್ಲಿ ನನ್ನದೇ ಕೇಸಿತ್ತು. ಸಿಸ್ಟರ್‌ಗಳ ಚಪ್ಪಾಳೆ ಗೋಡೆಯಾಚೆಗೆ ಕೇಳಿಸಿತು. ನನಗೆ ಯಾರೂ ಚಪ್ಪಾಳೆ ತಟ್ಟಿದ ನೆನಪಿಲ್ಲ.

ನನ್ನ ಕೇಸಿನಲ್ಲಿ ಗಂಟು ಒಂಬತ್ತರಲ್ಲಿತ್ತು. ಹೆಬ್ಬೆರಳು ಚಕ್ರ ತಿರುಗಿಸಲು ಒಪ್ಪಲಿಲ್ಲ. ಎರಡು ಸಲ ಜಾರಿತು. ಹಿರಿಯ ಸಿಸ್ಟರಿಗೆ, ‘ಪಕ್ಕದ ರೂಮಿಂದ ಅವಳನ್ನ ಕರೀರಿ’ ಎಂದೆ.

‘ಯಾಕೆ ಮೇಡಂ, ಮತ್ತೆ ಪರೀಕ್ಷೆನಾ?’

‘ಅಲ್ಲ. ನಂಗೆ ಆಗ್ತಿಲ್ಲ.’

ಸಿಸ್ಟರ್ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದರು. ಅದರಲ್ಲಿ ನೋಡುವಂಥದ್ದೇನಿತ್ತೋ. ಬೆರಳು ನೋಯುತ್ತಿತ್ತು, ಅಷ್ಟೇ.

ಓಡಿ ಬಂದಳು. ಅವಸರದಲ್ಲಿ ಕಾಲ್ಮಣೆ ಆ ಕೋಣೆಯಲ್ಲೇ ಬಿಟ್ಟು ಬಂದಿದ್ದಳು. ಮಂಚವನ್ನು ತಗ್ಗಿಸಿದೆ. ಸ್ಕೋಪ್ ತೆಗೆದುಕೊಂಡು, ‘ಆರು ಗಂಟೆಗೆ ತರ್ಲಾ ಮೇಡಂ?’ ಎಂದು ಕೇಳಿದಳು.

ಕೇಳುವಷ್ಟರಲ್ಲಿ ತಂದಾಗಿತ್ತು. ನಾನು ಬಾಯಿ ಬಿಡಲಿಲ್ಲ.